ಮುಟ್ಟಿದ್ದು ಗೊತ್ತಾಗ್ತದಾ?

ಮಣಿಪಾಲದಲ್ಲಿ ಆಪರೇಶನ್ ಆದ ಮೇಲೆ ಡಾಕ್ಟ್ರು ಹತ್ತಿಯ ಎಳೆಯಿಂದ ಅಪ್ಪನ ಪಾದ ಸವರಿ ಕೇಳಿದರು: "ಮುಟ್ಟಿದ್ದು ಗೊತ್ತಾಗ್ತದಾ?"

"ಇಲ್ಲ ಡಾಕ್ಟ್ರೇ."

ಕಾಪು ಕಡೆಯ ನಮ್ಮೂರಲ್ಲಿ ಅಪ್ಪ ಹುಡುಗನಾಗಿದ್ದಾಗ ಅವನಿಗೆ ಚಾ ಸಿಗುತ್ತಿದ್ದದ್ದು ಗೆರಟೆಯಲ್ಲಿ, ಮೇಲಿನಿಂದ ಹೊಯ್ದು. ಮುಟ್ಟಬೇಡ ಅಂತ ಕೇಳಿಯೇ ಬೆಳೆದ ಮೈ ಅದು. ಈಗ ಮುಟ್ಟುವವರಿದ್ದಾರೆ, ಮೈಗೆ ಗೊತ್ತಾಗುವುದಿಲ್ಲ.

ಅಪ್ಪ ಬಿದ್ದದ್ದು ಕಾರ್ಕಳದ ಕಡೆಯ ಕಲ್ಲಿನ ಕೋರೆಯಲ್ಲಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಲು ಜನ ಬರುವ ಊರು ಕಾರ್ಕಳ. ಕಲ್ಲು ಕಡಿಯುವವನ ಬೆನ್ನು ಯಾರಿಗೆ ಬೇಕು? ನಾಲ್ಕು ಜನ ಕೈಕಾಲು ಹಿಡಿದು ಜೀಪಿಗೆ ಹಾಕಿದರಂತೆ. ಮುರಿದ ಬೆನ್ನನ್ನು ಅಲುಗಿಸದೆ ಹಲಗೆಯ ಮೇಲೆ ಒಯ್ಯಬೇಕು ಅಂತ ಅವರಿಗೂ ಯಾರೂ ಹೇಳಿರಲಿಲ್ಲ. ಗುತ್ತಿಗೆದಾರನ ಪುಸ್ತಕದಲ್ಲಿ ಅಪ್ಪನ ಹೆಸರೇ ಇರಲಿಲ್ಲ.

ಆಪರೇಶನ್ ಆಯ್ತು, ಇನ್ನು ನಡೀತಾನೆ ಅಂದುಕೊಂಡೆವು. ಸ್ಕ್ರೂ, ಸರಳು ಮೂಳೆಯನ್ನು ಹಿಡಿದು ನಿಲ್ಲಿಸುತ್ತವೆ. ಜಜ್ಜಿದ ನರವನ್ನು ಹೊಸತು ಮಾಡುವುದಿಲ್ಲ. ಬೆನ್ನುಹುರಿ ಸೊಂಟದ ಮೊದಲ ಎಲುಬಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಬಾಲದಂಥ ನರಗಳ ಕಟ್ಟು. ಹುರಿಗಿಂತ ಈ ನರಗಳು ಚೇತರಿಸುವ ಆಸೆ ಹೆಚ್ಚು. ಗುದದ ಸುತ್ತ ಸೂಜಿ ತಾಗಿದ್ದು ಗೊತ್ತಾದರೆ ಅದು ಒಳ್ಳೆಯ ಗುರುತು. ಅಪ್ಪನಿಗೆ ಅಲ್ಲಿ ಗೊತ್ತಾಯಿತು.

ಚೇತರಿಕೆಯ ದೊಡ್ಡ ಪಾಲು ಮೊದಲ 6ರಿಂದ 12 ತಿಂಗಳಲ್ಲಿ. ಬಡವನ ಮನೆಯಲ್ಲಿ ಅಷ್ಟು ತಿಂಗಳು ಎಲ್ಲಿ ಉಂಟು? 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣು. 4ರಿಂದ 6 ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯದಿದ್ದರೆ ಕಿಡ್ನಿಗೆ ಪೆಟ್ಟು. ಅಮ್ಮ ಕೂಲಿಗೆ ಹೋದರೆ ಅಪ್ಪನ ಬೆನ್ನು ಕೊಳೆಯುತ್ತದೆ. ಹೋಗದಿದ್ದರೆ ಒಲೆ ಆರುತ್ತದೆ. ನಳಿಕೆ ಹಾಕುವುದನ್ನು ನಾನು ಕಲಿತೆ.

"ನಿನ್ನನ್ನು ಓದಿಸಿದ್ದು ಇದಕ್ಕಾ ಮಗಾ?" ಅಂತ ಅಪ್ಪ ಗೋಡೆ ಕಡೆ ತಿರುಗಿದ.

"ಇದಕ್ಕೂ ಹೌದು" ಅಂದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ, ಸರ್ಕಾರಿ ಕಟ್ಟಡದೊಳಗೆ ಎಲ್ಲರಿಗೂ ದಾರಿ ಇರಬೇಕು ಅನ್ನುತ್ತದೆ. ಉಡುಪಿಯಲ್ಲಿ ನಾವು ಕಾಗದ ಹಿಡಿದು ಹೋದ ಕಚೇರಿಗೆ ಏಳು ಮೆಟ್ಟಿಲು. ಅಪ್ಪನನ್ನು ಬೆನ್ನ ಮೇಲೆ ಹೊತ್ತು ಹತ್ತಿದೆ.

ಐದನೇ ತಿಂಗಳಲ್ಲಿ ತೊಡೆ ಅದುರಿತು. ಆಮೇಲೆ ಮೊಣಕಾಲು ಒಂದಿಷ್ಟು ನೆಟ್ಟಗಾಯಿತು. ಪಾದಕ್ಕೆ ಇನ್ನೂ ಗೊತ್ತಾಗುವುದಿಲ್ಲ. ನಿಲ್ಲುತ್ತಾನೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಗೆಳೆಯರೇ, ಕನಿಕರ ಬೇಡ. ಕೋರೆಯಲ್ಲಿ ಒಂದು ಹಲಗೆ, ಪುಸ್ತಕದಲ್ಲಿ ಕೂಲಿಯವನ ಹೆಸರು, ಕಚೇರಿಗೆ ಒಂದು ಇಳಿಜಾರು, ಬಿದ್ದವನ ಮನೆಗೆ ಒಂದು ವರ್ಷದ ಅನ್ನ ಕೇಳೋಣ. ನರಕ್ಕೆ ಕಾಲ ಬೇಕು. ಅದನ್ನು ಕೊಂಡುಕೊಳ್ಳುವ ದುಡ್ಡು ನಮ್ಮಲ್ಲಿಲ್ಲ.