ಮೆಟಲ್ ಡೈರಿ 4: ಎರಡು ಬೆರಳ ತುದಿ

'ಇದೇನೋ ಕಿರುಚಾಟ?' ಅಂತ ನಿಮ್ಮನೇಲೂ ಬೈತಾರಾ? ಹಾಗಾದ್ರೆ ಇವತ್ತಿನ ಆಲ್ಬಂ ನಿಮಗೇ. ಬ್ಲ್ಯಾಕ್ ಸಬ್ಬತ್‌ನ 'ಮಾಸ್ಟರ್ ಆಫ್ ರಿಯಾಲಿಟಿ', 1971.

ಗಿಟಾರಿಸ್ಟ್ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿದ್ದವರು. 17ನೇ ವಯಸ್ಸಲ್ಲಿ, ಕೆಲಸದ ಕೊನೇ ದಿನ, ಮಷೀನು ಬಲಗೈಯ ಎರಡು ಬೆರಳ ತುದಿ ತಗೊಂಡಿತು. ಅವರು ಎಡಚರು, ತಂತಿ ಒತ್ತೋದು ಅದೇ ಬಲಗೈಲಿ! ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ್ರು. ಒತ್ತೋದು ಸುಲಭ ಆಗ್ಲಿ ಅಂತ ಈ ಆಲ್ಬಂನ ಕೆಲವು ಹಾಡಿಗೆ ತಂತಿಗಳನ್ನೇ ಸಡಿಲ ಬಿಟ್ರು. ಶ್ರುತಿ ಇಳೀತು, ಸದ್ದು ಭಾರ ಆಯ್ತು. ಇವತ್ತಿಗೂ ಎಷ್ಟೋ ಬ್ಯಾಂಡ್‌ಗಳು ಅದೇ ದಾರೀಲಿವೆ.

ನಮ್ಮಪ್ಪ ಪೀಣ್ಯದಲ್ಲಿ ಪ್ರೆಸ್ ಆಪರೇಟರ್. ಅವರ ತೋರುಬೆರಳಿನ ತುದಿ ಇಲ್ಲ. ಫೋಟೋ ತೆಗೆಯುವಾಗ ಆ ಕೈ ಜೇಬಲ್ಲೇ ಇರುತ್ತೆ. ಮೊನ್ನೆ ಈ ಕಥೆ ಹೇಳಿ 'ಚಿಲ್ಡ್ರನ್ ಆಫ್ ದ ಗ್ರೇವ್' ಹಾಕಿದೆ. ಪೂರ್ತಿ ಕೇಳಿದ್ರು. ಆಮೇಲೆ ಒಂದೇ ಪ್ರಶ್ನೆ: 'ಅವನಿಗೆ ಪರಿಹಾರ ಎಷ್ಟು ಕೊಟ್ರಂತೆ?'

ಬಿಕಾಂ ಓದ್ತೀನಿ, ದಿನಾ ಲೆಕ್ಕ ಬರೀತೀನಿ. ಅಪ್ಪನಿಗೆ ಎಷ್ಟು ಸಿಕ್ತು ಅಂತ ಯಾವತ್ತೂ ಕೇಳಿರಲಿಲ್ಲ. ಅವತ್ತು ಕೇಳಿದೆ. ರಾತ್ರಿ ಹನ್ನೊಂದರವರೆಗೂ ಮಾತಾಡಿದ್ವಿ.

ನೀವು ಮನೆಯವರಿಗೆ ಯಾವ ಆಲ್ಬಂ ಕೇಳಿಸ್ತೀರಾ? ಹೇಳಿ, ಮುಂದಿನ ಡೈರಿಗೆ ಸೇರಿಸ್ತೀನಿ.