ಕೊಟ್ಟಿಗೆ ಬಾಗಿಲಲ್ಲಿ ನಿಂತವನು

ಹುತ್ರಿದುರ್ಗ ಹತ್ತುವವರು ಸಾಮಾನ್ಯವಾಗಿ ಸಂತೇಪೇಟೆಯಲ್ಲಿ ಗಾಡಿ ನಿಲ್ಲಿಸಿ, ನೀರು ತುಂಬಿಕೊಂಡು, ಬಿಸಿಲೇರುವ ಮೊದಲೇ ಹೊರಡುತ್ತಾರೆ. ನಾವು ಹೊರಟಿದ್ದು ಹನ್ನೊಂದು ಗಂಟೆಗೆ. ತಮ್ಮ ಎದ್ದಿದ್ದೇ ಒಂಬತ್ತಕ್ಕೆ. ಬೆಂಗಳೂರಿನಲ್ಲಿ ಆರು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಗ್ರೌಂಡಿಗೆ ಓಡುತ್ತಿದ್ದವನು ಊರಿಗೆ ಬಂದ ಮೇಲೆ ಹೀಗೆ ಮುಸುಕೆಳೆದು ಮಲಗುವುದನ್ನು ಕಂಡು ಅಮ್ಮನಿಗೆ ಭಯ ಶುರುವಾಗಿತ್ತು. "ಅವನ್ನ ಎಲ್ಲಾದ್ರೂ ಕರ್ಕೊಂಡ್ ಹೋಗಿ ಮಾತಾಡ್ಸೆ, ನಿನ್ ಹತ್ರ ಆದ್ರೆ ಬಾಯಿ ಬಿಡ್ತಾನೆ" ಅಂತ ನನ್ನನ್ನು ಅಟ್ಟಿದ್ದಳು.

ಮೊದಲನೇ ಬಾಗಿಲಿನ ನೆರಳಿಗೆ ಬರುವಷ್ಟರಲ್ಲಿ ನನಗೆ ಏದುಸಿರು. ಅವನು ಕಲ್ಲಿಗೊರಗಿ ನಿಂತು, ಯಾವ ಪೀಠಿಕೆಯೂ ಇಲ್ಲದೆ ಹೇಳಿದ. "ಆಡೋದು ಬಿಟ್ಟೆ ಕಣಕ್ಕ. ಗೋಲ್‌ಕೀಪಿಂಗ್ ಕೋಚ್ ಆಗ್ತೀನಿ. ಒಂದು ಅಕಾಡೆಮೀಲಿ ಕರ್ದಿದಾರೆ. ಹದಿನಾಲ್ಕು ಮಕ್ಳು."

ತಿಂಗಳಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಿದೆ. ಹೇಳಿದ. ನನ್ನ ಫೆಲೋಶಿಪ್ಪಿಗಿಂತ ಕಡಿಮೆ. ಅಪ್ಪನಿಗೆ ಆಗಲೇ ಹೇಳಿದ್ದನಂತೆ. ತೋಟದಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದ ಅಪ್ಪ ಎಣಿಕೆ ತಪ್ಪಿಸಿಕೊಂಡು, "ಗೋಲು ಕಾಯೋನಿಗೂ ಬೇರೆ ಮೇಷ್ಟ್ರು ಬೇಕೇನಪ್ಪಾ?" ಅಂದರಂತೆ.

ಪ್ರಶ್ನೆ ಅಷ್ಟೇನೂ ದಡ್ಡ ಪ್ರಶ್ನೆಯಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ಎದುರು ಆಡಿದಾಗ ಗೋಲಿನಲ್ಲಿ ನಿಂತಿದ್ದವರು ನಮ್ಮ ಕಡೆಯವರೇ ಆದ ಕೆಂಚಪ್ಪ ವರದರಾಜ್. ತಂಡದ ಬಹುತೇಕರು ಬೂಟಿಲ್ಲದೆ ಆಡಿದ ಪಂದ್ಯ ಅದು. ಭಾರತ ಎರಡು ಪೆನಾಲ್ಟಿ ಕೈಚೆಲ್ಲಿತು. ರಾಮನ್ ಗೋಲು ಹೊಡೆದು 1-1 ಆಗಿತ್ತು, 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು ಗೆದ್ದಿತು. ಬರಿಗಾಲಿನ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಆ 89ನೇ ನಿಮಿಷದ ಮೇಲೆ ಕಣ್ಣು. ಅದಾದ ಮೇಲೆ ವರದರಾಜ್ ಯಾರ ಹತ್ತಿರ ಮಾತಾಡಿರಬಹುದು? ಗೋಲ್‌ಕೀಪರುಗಳಿಗೆಂದೇ ಒಬ್ಬ ತರಬೇತುದಾರ ಇರಬೇಕೆಂಬ ರೂಢಿ ಆಗ ಇರಲಿಲ್ಲ. ಉಳಿದವರು ಮೈದಾನದ ಮಧ್ಯೆ ಪಾಸು ಅಭ್ಯಾಸ ಮಾಡುವಾಗ ಗೋಲ್‌ಕೀಪರು ಕಂಬದ ಹತ್ತಿರ ನಿಂತಿರಬೇಕು, ಕೊನೆಯಲ್ಲಿ ಎಲ್ಲರೂ ಅವನತ್ತ ಚೆಂಡು ಒದೆಯಬೇಕು, ಅಷ್ಟೇ ಅವನ ತರಬೇತಿ. ಇಂಗ್ಲೆಂಡಿನಲ್ಲೇ, ಆರ್ಸೆನಲ್ ಗೋಲು ಕಾಯುತ್ತಿದ್ದ ಬಾಬ್ ವಿಲ್ಸನ್ 1974ರಲ್ಲಿ ನಿವೃತ್ತರಾಗಿ ಆಮೇಲೆ ಅದೇ ಕ್ಲಬ್ಬಿನ ಗೋಲ್‌ಕೀಪರುಗಳನ್ನು ತಿದ್ದತೊಡಗಿದಾಗ ಅದು ಹೊಸ ಸಂಗತಿಯಾಗಿತ್ತು.

ನಮ್ಮ ಮನೆಯಲ್ಲಿ ಆ ಹುದ್ದೆ ಮೊದಲು ನನ್ನದಾಗಿತ್ತು. ರಾಗಿ ಕಣದ ಆಚೆ ದನದ ಕೊಟ್ಟಿಗೆ. ಅದರ ಬಾಗಿಲೇ ಗೋಲು. ಊರಿನ ಹುಡುಗರೆಲ್ಲ ಕ್ರಿಕೆಟ್ಟು, ಕಬಡ್ಡಿ. ಇವನೊಬ್ಬನಿಗೆ ಟಿ.ವಿ.ಯಲ್ಲಿ ಯಾರೋ ಹಾರಿ ಚೆಂಡು ತಬ್ಬಿದ್ದನ್ನು ನೋಡಿ ಹುಚ್ಚು ಹತ್ತಿತ್ತು. ನಾನು ಎಸೆಯಬೇಕು, ಅವನು ಹಿಡಿಯಬೇಕು. ಒಳಗೆ ಹೋದರೆ ಎಮ್ಮೆ ಬೆದರುತ್ತಿತ್ತು, ಆಮೇಲೆ ಇಬ್ಬರಿಗೂ ಬೈಗುಳ. ಹಾಗಾಗಿ ಅವನು ಗೋಲು ಬಿಡದಿರಲು ನಿಜವಾದ ಕಾರಣವೊಂದಿತ್ತು.

ಎರಡನೇ ಬಾಗಿಲು ದಾಟಿದ ಮೇಲೆ ಬಂಡೆ ನುಣುಪಾಗುತ್ತದೆ. ಕೆಂಪೇಗೌಡರ ನವದುರ್ಗಗಳಲ್ಲಿ ಒಂದೆಂದು ಹೆಸರಾದ ಈ ಬೆಟ್ಟಕ್ಕೆ ಒಂದರ ಹಿಂದೊಂದು ಬಾಗಿಲುಗಳಿವೆ. ಆದರೂ 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗ ಹಿಡಿದ ಕೆಲವೇ ದಿನಕ್ಕೆ ಇದೂ ಬಿತ್ತು. ಇಷ್ಟು ಬಾಗಿಲಿದ್ದೂ ಬಿತ್ತಲ್ಲ ಅಂತ ನಾನಂದರೆ ತಮ್ಮ ನಕ್ಕ. "ಬಾಗ್ಲು ಎಷ್ಟಿದ್ರೂ ನಿಂತ್ಕಳೋ ಜಾಗ ಗೊತ್ತಿರ್ಬೇಕು ಕಣಕ್ಕ."

ಆಮೇಲೆ ಅವನೇ ಮಾತಿಗಿಳಿದ. ಗೋಲಿನ ಅಗಲ 7.32 ಮೀಟರು, ಎತ್ತರ 2.44. ಎರಡು ಕೈ ಚಾಚಿದರೂ ಮುಕ್ಕಾಲು ಭಾಗ ಖಾಲಿ. ಹಾರುವುದು ಕೊನೆಯ ಉಪಾಯ, ಅದಕ್ಕೆ ಮುಂಚೆ ಎರಡು ಹೆಜ್ಜೆ ಸರಿಯಾಗಿಟ್ಟರೆ ಹಾರುವುದೇ ಬೇಕಾಗುವುದಿಲ್ಲ. ಚೆಂಡು ಹೊಡೆಯುವವನ ಕಾಲು ಹಿಂದಕ್ಕೆ ಹೋದ ಗಳಿಗೆಯಲ್ಲಿ ಗೋಲ್‌ಕೀಪರಿನ ಎರಡೂ ಪಾದ ನೆಲದ ಮೇಲಿರಬೇಕು. ಮಕ್ಕಳಿಗೆ ಮೊದಲು ಮಂಡಿಯೂರಿ ಪಕ್ಕಕ್ಕೆ ಬೀಳುವುದನ್ನು ಕಲಿಸಬೇಕು, ನೋವಾಗದಂತೆ ಬೀಳುವುದು ಬಂದರೆ ಹೆದರಿಕೆ ತಾನಾಗಿ ಹೋಗುತ್ತದೆ. ಇದನ್ನೆಲ್ಲ ಕಲಿಸಲು ಕೋಚ್ ತಾನೇ ದಿನಕ್ಕೆ ನೂರಾರು ಸಲ ಚೆಂಡು ಒದೆಯಬೇಕು, ಅದೂ ಬೇಕಾದ ಎತ್ತರಕ್ಕೆ, ಬೇಕಾದ ವೇಗದಲ್ಲಿ. ಮೂವತ್ತೈದಕ್ಕೇ ಸೊಂಟ ಹಿಡಿದುಕೊಂಡವರನ್ನು ಅವನು ನೋಡಿದ್ದಾನೆ. ಪರೀಕ್ಷೆಗಳೂ ಇವೆ. ಏಷ್ಯಾ ಒಕ್ಕೂಟದ ಗೋಲ್‌ಕೀಪಿಂಗ್ ಸರ್ಟಿಫಿಕೇಟಿಗೇ ಮೂರು ಹಂತ. "ನಿನ್ ಪಿಎಚ್‌.ಡಿ. ಥರಾನೇ, ಮುಗಿಯೋದೇ ಇಲ್ಲ" ಅಂದ. ಈ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಅವನ ಬಾಯಲ್ಲಿ ಪದೇ ಪದೇ ಬರುವ ಹೆಸರು ಫ್ರಾನ್ಸ್ ಹೂಕ್. ಹಾಲೆಂಡಿನವರು. ಫೊಲೆಂಡಾಮ್ ಎಂಬ ಮೀನುಗಾರರ ಊರಿನ ಕ್ಲಬ್ಬಿನಲ್ಲಿ 1973ರಿಂದ 1985ರವರೆಗೆ ಗೋಲು ಕಾದರು. ಆಟಗಾರನಾಗಿ ಅವರನ್ನು ಹೊರಗಿನವರು ಯಾರೂ ನೆನಪಿಡಲಿಲ್ಲ. 1985ರಲ್ಲಿ ಆಯಾಕ್ಸ್ ಕ್ಲಬ್ಬಿಗೆ ಗೋಲ್‌ಕೀಪಿಂಗ್ ಕೋಚ್ ಆಗಿ ಬಂದರು. ಅಲ್ಲಿ ಅವರ ಕೈಯಲ್ಲಿ ಬೆಳೆದ ಎಡ್ವಿನ್ ವಾನ್ ಡರ್ ಸಾರ್ 1995ರಲ್ಲಿ ಯುರೋಪಿನ ಚಾಂಪಿಯನ್ ತಂಡದ ಗೋಲ್‌ಕೀಪರ್ ಆದ. ಬಾರ್ಸಿಲೋನ, ಪೋಲೆಂಡ್, ಬಯರ್ನ್ ಮ್ಯೂನಿಕ್, ಮ್ಯಾಂಚೆಸ್ಟರ್ ಯುನೈಟೆಡ್ ಹೀಗೆ ಹೂಕ್ ಊರೂರು ತಿರುಗಿದರು. ಬಹಳ ಸಲ ಲೂಯಿ ವಾನ್ ಹಾಲ್ ಎಂಬ ಮುಖ್ಯ ಕೋಚಿನ ಬೆನ್ನಿಗೆ, ಹಿರಿಯ ವಿದ್ವಾಂಸರ ಜೊತೆ ಪಕ್ಕವಾದ್ಯದವರು ಹೋಗುವ ಹಾಗೆ. ಗೋಲ್‌ಕೀಪರುಗಳಲ್ಲಿ ಅವರು ಎರಡು ಜಾತಿ ಗುರುತಿಸಿದರು. ಹೊಡೆತ ಬಂದ ಮೇಲೆ ಪ್ರತಿಕ್ರಿಯಿಸುವವರು ಒಂದು, ಬರುವುದನ್ನು ಮೊದಲೇ ಊಹಿಸಿ ಮುಂದೆ ಬಂದು ನಿಲ್ಲುವವರು ಇನ್ನೊಂದು. 1992ರಲ್ಲಿ ತನ್ನವರೇ ಬೇಕೆಂದು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರು ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂತು. ಅಲ್ಲಿಂದ ಎರಡನೇ ಜಾತಿಯವರಿಗೆ ಬೆಲೆ ಹೆಚ್ಚಿತು.

"ನೀನು ಯಾವ ಜಾತಿ?" ಅಂದೆ.

"ಮೊದಲ್ನೇದು. ಕೊಟ್ಟಿಗೆ ಜಾತಿ" ಅಂದ.

ಹೂಕ್ ಬಗ್ಗೆ ಅವನು ನನಗೆ ಹಿಂದೆಯೂ ಹೇಳಿದ್ದ ಕತೆಯೊಂದಿದೆ. ಬೆಟ್ಟದ ಮೇಲೆ ಮತ್ತೊಮ್ಮೆ ಹೇಳಿದ. 2014ರ ವಿಶ್ವಕಪ್, ಬ್ರೆಜಿಲಿನ ಸಾಲ್ವಡೋರ್, ಜುಲೈ 5. ಹಾಲೆಂಡ್ ಮತ್ತು ಕೋಸ್ಟರಿಕಾ ನಡುವಿನ ಕ್ವಾರ್ಟರ್ ಫೈನಲ್ 120 ನಿಮಿಷ ಕಳೆದರೂ ಸೊನ್ನೆ-ಸೊನ್ನೆ. ಪೆನಾಲ್ಟಿಗೆ ಇನ್ನೇನು ಕ್ಷಣಗಳಿವೆ ಎನ್ನುವಾಗ ವಾನ್ ಹಾಲ್ ಗೋಲ್‌ಕೀಪರ್ ಸಿಲೆಸ್ಸನ್‌ನನ್ನು ಹೊರಗೆ ಕರೆದು ಟಿಮ್ ಕ್ರುಲ್‌ನನ್ನು ಒಳಗೆ ಬಿಟ್ಟರು. ಹೂಕ್ ಮತ್ತು ಕ್ರುಲ್‌ಗೆ ಈ ಉಪಾಯ ಗೊತ್ತಿತ್ತು, ಸಿಲೆಸ್ಸನ್‌ಗೆ ಗೊತ್ತಿರಲಿಲ್ಲ. ಅವನು ಹೊರಬರುವಾಗ ಬಾಟಲಿಯೊಂದನ್ನು ಒದ್ದ. ಕ್ರುಲ್ ಐದಕ್ಕೆ ಐದೂ ಸಲ ಸರಿಯಾದ ಕಡೆಗೇ ಹಾರಿ ಎರಡು ತಡೆದ. ಹಾಲೆಂಡ್ ಗೆದ್ದಿತು.

ಎಲ್ಲರೂ ಇಲ್ಲಿಗೆ ಕತೆ ನಿಲ್ಲಿಸುತ್ತಾರೆ. ತಮ್ಮ ನಿಲ್ಲಿಸುವುದಿಲ್ಲ. ನಾಲ್ಕು ದಿನದ ಮೇಲೆ ಅರ್ಜೆಂಟೀನಾ ಎದುರಿನ ಸೆಮಿಫೈನಲ್ಲೂ ಪೆನಾಲ್ಟಿಗೇ ಹೋಯಿತು. ಬದಲಿ ಆಟಗಾರರ ಲೆಕ್ಕ ಮುಗಿದಿತ್ತು, ಹಾಗಾಗಿ ಸಿಲೆಸ್ಸನ್ನೇ ನಿಲ್ಲಬೇಕಾಯಿತು. ಒಂದನ್ನೂ ತಡೆಯಲಾಗಲಿಲ್ಲ. ಆ ಕಡೆ ಎರಡು ತಡೆದ ರೊಮೆರೊ ಹಿಂದೊಮ್ಮೆ ವಾನ್ ಹಾಲ್ ಗರಡಿಯಲ್ಲೇ ಪಳಗಿದವನು.

"ಆ ನಾಕ್ ದಿನ ಹೂಕ್ ಅವನ ಹತ್ರ ಏನ್ ಮಾತಾಡಿರ್ತಾರೆ ಹೇಳು?" ಅಂದ. "ನಿನ್ ಮೇಲೆ ನಂಬ್ಕೆ ಇಲ್ಲ ಅಂತ ಲೋಕಕ್ಕೆಲ್ಲ ತೋರ್ಸಿಬಿಟ್ಟು, ಮಾರನೇ ದಿನ ಬೆಳಗ್ಗೆ ಅದೇ ಹುಡುಗನ ಕೈಗೆ ಚೆಂಡು ಎಸೀಬೇಕಲ್ಲ. ನಂಗೆ ಅದು ಗೊತ್ತಾಗ್ಬೇಕು ಕಣಕ್ಕ."

ತಂಡದಲ್ಲಿ ಮೂವರೋ ನಾಲ್ವರೋ ಗೋಲ್‌ಕೀಪರುಗಳಿರುತ್ತಾರೆ, ಆಡುವುದು ಒಬ್ಬ. ತಮ್ಮ ಯಾವಾಗಲೂ ಮೂರನೆಯವನಾಗಿದ್ದ. ಮೊದಲನೆಯವನಿಗೆ ಜ್ವರ, ಎರಡನೆಯವನಿಗೆ ಮಂಡಿನೋವು ಬಂದಾಗ ಮಾತ್ರ ಅವನ ಪಾಳಿ. ಹಾಗೆ ಸಿಕ್ಕ ಒಂದು ಪಂದ್ಯಕ್ಕೆ ನಾನು ಅವನಿಗೆ ಹೇಳದೆ ಹೋಗಿದ್ದೆ. ಗ್ಯಾಲರಿಯಲ್ಲಿ ಇಪ್ಪತ್ತೋ ಮೂವತ್ತೋ ಜನ. ಮೊದಲರ್ಧ ಚೆನ್ನಾಗೇ ಆಡಿದ. ಎರಡನೇ ಅರ್ಧದಲ್ಲಿ ನಿಧಾನವಾಗಿ ಉರುಳಿಕೊಂಡು ಬಂದ ಚೆಂಡಿಗೆ ಬಗ್ಗಿದ, ಅದು ಅವನ ಕಾಲ ಸಂದಿಯಿಂದ ಒಳಗೆ ಹೋಯಿತು. ನನ್ನ ಹಿಂದೆ ಕೂತಿದ್ದವರು ಅಂದ ಮಾತು ಇಲ್ಲಿ ಬರೆಯಲಾರೆ. ನಾನು ಎದ್ದು ಬಸ್ ಸ್ಟಾಪಿಗೆ ನಡೆದೆ. ಸಂಜೆ ಫೋನಿನಲ್ಲಿ "ಮ್ಯಾಚ್ ಹೆಂಗಾಯ್ತೋ?" ಅಂತ ಕೇಳಿದ್ದೆ ಕೂಡ. "ಸೋತ್ವಿ" ಅಂದಿದ್ದ. ಅದಾದ ತಿಂಗಳಲ್ಲೇ, ಇನ್ನೆಷ್ಟು ದಿನ ಇದು, ತೋಟ ನೋಡಿಕೊಳ್ಳಬಾರದೇ ಅಂತ ಅವನಿಗೆ ಮೊದಲು ಹೇಳಿದವಳೂ ನಾನೇ. ಅಪ್ಪ ಆಮೇಲೆ ಹೇಳಿದರು.

ನಾನು ಸಂಶೋಧನೆ ಮಾಡುತ್ತಿರುವುದು ಕಂಪನಿ ನಾಟಕಗಳ ಮೇಲೆ, ಗುಬ್ಬಿ ಕಂಪನಿ ಅದರಲ್ಲಿ ಒಂದು ಅಧ್ಯಾಯ. ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ನಟ ತಡವರಿಸಿದರೆ ಅವನ ಕೆಲಸ ಕೆಟ್ಟಿತು, ಚೆನ್ನಾಗಿ ಮಾಡಿದರೆ ಅವನಿದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಬರೆಯುವಾಗ ಕಣ್ಣು ತುಂಬಿಕೊಂಡು ಬರೆದ ಅಧ್ಯಾಯ ಅದು. ಮನೆಯಲ್ಲಿರುವವನು ಅದೇ ಕೆಲಸಕ್ಕೆ ಹೋಗುತ್ತೇನೆಂದರೆ ಸಂಬಳ ಎಷ್ಟು ಅಂತ ಕೇಳಿದ್ದೆ.

ತುದಿಯಲ್ಲಿ ಶಂಕರೇಶ್ವರನ ಗುಡಿ. ಬಾಗಿಲು ಹಾಕಿತ್ತು. ನೆರಳಲ್ಲಿ ಕೂತು ತಂದಿದ್ದ ಚಿತ್ರಾನ್ನ ತಿಂದೆವು. ಅವನು 2023ರ ಜುಲೈ 4ರ ರಾತ್ರಿಯ ಮಾತು ತೆಗೆದ. ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫೈನಲ್, ಕುವೈತ್ ಎದುರು. 1-1 ಆಗಿ ಪೆನಾಲ್ಟಿಗೆ ಹೋಗಿ, ಆರನೇ ಸುತ್ತಿನಲ್ಲಿ ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಸಂಧು ತಡೆದದ್ದರಿಂದ ಭಾರತ ಗೆದ್ದ ಪಂದ್ಯ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಗುರ್‌ಪ್ರೀತ್ ಕಡೆ ನೋಡಿ ಕಿರುಚುತ್ತಿತ್ತಂತೆ. ಇವನು ಮಾತ್ರ ಬೆಂಚಿನ ಕಡೆ ನೋಡುತ್ತಿದ್ದನಂತೆ, ಆಡದ ಇನ್ನಿಬ್ಬರು ಗೋಲ್‌ಕೀಪರುಗಳು ಹೇಗೆ ಓಡುತ್ತಾರೆ ಅಂತ. "ಎಲ್ರಿಗಿಂತ ಮೊದ್ಲು ಅವರೇ ಓಡಿದ್ದು" ಅಂದ. ಕೋಚ್ ಆಗಬೇಕು ಅಂತ ಅವತ್ತೇ ಅನ್ನಿಸಿತ್ತಂತೆ. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ಸೋತು ಬಂದಿದ್ದಾನೆ ಅಂತ ನಾವು ತಿಳಿದಿದ್ದೆವು.

ಇಳಿಯುವಾಗ ಆ ಪಂದ್ಯಕ್ಕೆ ನಾನು ಬಂದಿದ್ದೆ ಅಂತ ಹೇಳಿದೆ. ಅವನು ನನ್ನ ಮುಂದೆ ಬಂಡೆಯ ಮೇಲೆ ಅಡ್ಡಡ್ಡ ಕಾಲಿಡುತ್ತಾ ಇಳಿಯುತ್ತಿದ್ದ. ತಿರುಗಲಿಲ್ಲ.

"ಗೊತ್ತಿತ್ತು ಬುಡಕ್ಕ. ಹಸಿರು ವೇಲು. ಚೆಂಡು ಆ ಕಡೆ ಇದ್ದಾಗ ಗೋಲ್‌ಕೀಪರ್‌ಗೆ ಜನ ನೋಡೋದ್ ಬಿಟ್ಟು ಬೇರೆ ಏನ್ ಕೆಲ್ಸ?"

"ಮತ್ತೆ ಕೇಳ್ಬಾರ್ದಿತ್ತಾ?"

"ನೀನ್ ಎದ್ ಹೋಗಿದ್ದು ಕಾಣ್ಲಿಲ್ಲ. ಆಗ ಬಗ್ಗಿದ್ನಲ್ಲ."

ಇದು ನಿಜವೋ, ನನ್ನ ಮುಖ ಉಳಿಸಲು ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ.

ಮುಂದಿನ ತಿಂಗಳು ಅವನ ಅಕಾಡೆಮಿಗೆ ಹೋಗಿದ್ದೆ. ಬೆಳಗ್ಗೆ ಆರೂಕಾಲು. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಬಂದಿದ್ದವು. ಒಬ್ಬ ಹುಡುಗನ ಗ್ಲೌಸು ಅವನ ಮೊಣಕೈವರೆಗೂ ಬರುತ್ತಿತ್ತು. ತಮ್ಮ ಅವನ ಹಿಂದೆ ಮಂಡಿಯೂರಿ ಕೂತು ಎರಡು ಹೆಬ್ಬೆರಳು ಹತ್ತಿರ ತಂದು ತೋರಿಸುತ್ತಿದ್ದ. ನನ್ನನ್ನು ಕಂಡು, ನಮಸ್ಕಾರವೂ ಇಲ್ಲ, ಬಾ ಅನ್ನುವುದೂ ಇಲ್ಲ, ಚೆಂಡು ನನ್ನತ್ತ ಉರುಳಿಸಿದ.

"ಎಸಿ ಅಕ್ಕ. ಎಡಗಡೆ, ಎದೆ ಮಟ್ಟಕ್ಕೆ. ಮೆಲ್ಲಗೆ."

ಮೊದಲನೆಯದು ತೀರಾ ಮೇಲೆ ಹೋಯಿತು.

"ಇನ್ನೊಂದು" ಅಂದ.