ಅಪ್ಪನ ಪಕ್ಕ ನಿಂತವ್ರು

ಅಮ್ಮನ್ನ ಬೆಂಗಳೂರಿಗೆ ಕರ್ಕಂಡೋಗಿದ್ದು ಕಣ್ಣಾಸ್ಪತ್ರೆಗೆ. ಒಂದು ಕಣ್ಣು ಇನ್ನು ಬರಲ್ಲ ಅಂದ್ರು ಡಾಕ್ಟ್ರು. ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿತ್ತು. ಮಗಳು, ‘ಕಸ್ತೂರ್ಬಾ ರಸ್ತೇಲಿ ಮ್ಯಾಪ್ ಅಂತ ಮ್ಯೂಸಿಯಂ ಐತೆ, ಫೋಟೊ ನೋಡ್ಕಂಡು ಬರಾಣ ಬಾ ಅಜ್ಜಿ’ ಅಂದ್ಳು. ಅದೇ ರಸ್ತೇಲಿರೋ 1877ರ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂ ನಮಗೆಲ್ಲ ಗೊತ್ತು. ಇದು 2023ರಲ್ಲಿ ಬಾಗಿಲು ತೆಗೆದಿದ್ದು. ಹೊರಗಿಂದ ನೋಡಿ ಅಮ್ಮ, ‘ಇದೇನೇ, ನೀರಿನ ಟ್ಯಾಂಕ್ ಇದ್ದಂಗೈತೆ!’ ಅಂತ ನಕ್ಬಿಟ್ಳು. ಕಟ್ಟಿದವ್ರು ಟ್ಯಾಂಕ್ ನೋಡ್ಕಂಡೇ ಹಂಗೆ ಕಟ್ಟವ್ರಂತೆ.

ಒಳಗೆ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಫೋಟೊಗಳ ಪ್ರದರ್ಶನ. 1923ರಲ್ಲಿ ಹುಟ್ಟಿದವ್ರು, ಪದ್ಮಶ್ರೀ ಬಂದಿತ್ತು. ಅವರು ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೇಲೂ ಪ್ರದರ್ಶನ ಆಗಿದ್ವು. ನಮ್ಮ ನಿಮ್ಮಂಥ ಜನಾನೇ ಎಲ್ಲಾ. ಒಂದು ಫೋಟೊ ಹತ್ರ ಅಮ್ಮ ಮುಖ ತಗಲೋ ಹಂಗೆ ನಿಂತು, ‘ಇವ್ರ ಹೆಸರೇನು?’ ಅಂದ್ಳು. ದಾರೀಲಿ ಸಿಕ್ಕಿದ ಜನ, ಹೆಸರು ಯಾರು ಕೇಳ್ತಾರೆ ಅಂದೆ. ಸುಮ್ನಾದ್ಳು. ರೈಲು ವೈಟ್‌ಫೀಲ್ಡ್ ದಾಟಿದ್ಮೇಲೆ, ‘ನಮ್ಮನೆ ಫೋಟೋನೂ ಹಂಗೇ ಆಗೋಯ್ತದೆ’ ಅಂದ್ಳು.

ನೀವೆಲ್ಲ ನೋಡಿದ್ದೀರಿ, ನಡುಮನೆ ಗೋಡೆ ಮೇಲೆ ಅಪ್ಪನ ಶಿಫ್ಟಿನ ಗುಂಪು ಫೋಟೊ. ಹನ್ನೊಂದು ಜನ, ತಲೆ ಮೇಲೆ ದೀಪದ ಟೋಪಿ, ಹಿಂದೆ ಸೈನೈಡ್ ದಿಬ್ಬ. 2001ರಲ್ಲಿ ಗಣಿ ಮುಚ್ತು, ಅಪ್ಪ ಹೋಗಿ ಏಳು ವರ್ಷ ಆಯ್ತು. ಹಬ್ಬ ಹಬ್ಬಕ್ಕೂ ಆ ಫೋಟೊ ಧೂಳು ಒರೆಸ್ತೀನಿ. ಅಪ್ಪನ ಪಕ್ಕ ನಿಂತವ್ರು ಯಾರು ಅಂತ ಒಂದಿನಾನೂ ಕೇಳಿರ್ಲಿಲ್ಲ.

ಆವತ್ತು ರಾತ್ರಿನೇ ಇಳಿಸಿದ್ವಿ. ಅಮ್ಮ ಬೆರಳಲ್ಲಿ ಮುಟ್ಟಿ ಮುಟ್ಟಿ ಹೇಳಿದ್ಳು. ಒಬ್ರು ನಮ್ಮ ಲೈನ್ ಮನೆ ಹಿಂದಿನವ್ರು. ನಾನು ಹುಟ್ಟಿದಾಗ ಅವರ ಹೆಂಡ್ತಿ ಎಂಟು ದಿನ ಬಾಣಂತಿ ಸಾರು ಮಾಡಿ ಕೊಟ್ಟಿದ್ರಂತೆ. ಇನ್ನೊಬ್ರು ತಮಿಳಿನವ್ರು, ಅಪ್ಪನ ಜೊತೆ ಜಗಳ ಮಾತ್ರ ತೆಲುಗಲ್ಲಿ! ಅಪ್ಪನೂ ಸೇರಿ ಎಂಟು ಹೆಸರು ಸಿಕ್ತು, ಮೂರು ಸಿಗ್ಲಿಲ್ಲ. ಅಮ್ಮ ಆ ಮೂರಕ್ಕೇ ಅತ್ತಿದ್ದು.

ನಿಮ್ಮನೇಲೂ ಇಂಥ ಫೋಟೊ ಇದ್ರೆ ಈವತ್ತೇ ಇಳಿಸಿ. ಗಾಜಿಗೆ ಅಂಟ್ಕಂಡಿದ್ರೆ ಕೀಳ್ಬ್ಯಾಡಿ, ಹಂಗೇ ಮೊಬೈಲಲ್ಲಿ ತೆಕ್ಕಳಿ. ಹಿಂದುಗಡೆ ಬಾಲ್‌ಪೆನ್ ಬ್ಯಾಡ, ಒತ್ತಿದ ಗುರುತು ಮುಂದಕ್ಕೆ ಬೀಳ್ತದೆ. ಮೆತ್ತನೆ ಪೆನ್ಸಿಲಲ್ಲಿ ಅಂಚಿಗೆ ಬರೀರಿ.

ನಮಗೆ ಸಿಗದೇ ಇರೋದು ಹಿಂದಿನ ಸಾಲಲ್ಲಿ ಬಲಗಡೆಯ ಮೂರು ಜನ. ಚಾಂಪಿಯನ್ ರೀಫ್ ಕಡೇವ್ರು ಯಾರಾದ್ರೂ ಒಂದ್ಸಂಜೆ ಬಂದು ನೋಡಿ ಹೇಳಿ. ಅಮ್ಮ ಮನೇಲೇ ಇರ್ತಾಳೆ.